ಕಸ ಗುಡಿಸುವ ಯಂತ್ರಕ್ಕೆ ಯಾರ ದನಿ?

ಮಧ್ಯಾಹ್ನ ಊಟ ಮುಗಿಸಿ, ತಟ್ಟೆ ಲೋಟ ಸಿಂಕಿಗೆ ಹಾಕಿ, ಹತ್ತು ನಿಮಿಷ ಅಡ್ಡಾಗೋಣ ಅಂತ ಒರಗಿರುತ್ತೀರಿ. ಅಷ್ಟರಲ್ಲಿ ಸೋಫಾ ಕೆಳಗಿಂದ ಒಬ್ಬ ಇಂಗ್ಲಿಷ್ ಹೆಂಗಸಿನ ದನಿ: 'ಮೇನ್ ಬ್ರಷ್ ಈಸ್ ಟ್ಯಾಂಗಲ್ಡ್. ಪ್ಲೀಸ್ ಕ್ಲೀನ್ ದ ಮೇನ್ ಬ್ರಷ್.' ಎದ್ದು ಹೋಗಿ ಬಗ್ಗಿ ನೋಡಿದರೆ ಬ್ರಷ್ಷಿಗೆ ಸುತ್ತಿಕೊಂಡಿರುವುದು ನಿಮ್ಮದೇ ಉದ್ದ ಕೂದಲು, ಜೊತೆಗೆ ಮಕ್ಕಳ ಸ್ಕೂಲ್ ಬ್ಯಾಗಿನ ದಾರ! ರೋಬೋ ವ್ಯಾಕ್ಯೂಮ್ ಕ್ಲೀನರ್ ಇಟ್ಟುಕೊಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ನಿಮಗೆ ಆ ಇಂಗ್ಲಿಷ್ ತಿಳಿಯುತ್ತೆ, ಸರಿ. ಆದರೆ ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಅದು ಯಾರ ಜೊತೆ ಮಾತಾಡುತ್ತಿರುತ್ತೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ನಮ್ಮ ಮನೆಗೆ ಈ ಯಂತ್ರ ಬಂದಿದ್ದು ಕಳೆದ ದೀಪಾವಳಿಗೆ. ನನ್ನ ಸೊಂಟನೋವು ನೋಡಲಾರದೆ ಯಜಮಾನರು ತಂದರು. ಅತ್ತೆಗೆ 76 ವರ್ಷ. ತೀರ್ಥಹಳ್ಳಿ ಕಡೆಯವರು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಮಂಜು. ಹಾಗಾಗಿ ಅವರು ಮನೆಯನ್ನು ಅರ್ಧ ಕಣ್ಣಲ್ಲಿ ನೋಡಿದರೆ ಇನ್ನರ್ಧ ಕಿವಿಯಲ್ಲೇ ನೋಡೋದು. ಹನ್ನೊಂದು ಗಂಟೆಗೆ ನಾನು ತರಕಾರಿಗೆ ಅಂತ ಹೊರಗೆ ಹೋದಾಗ ಯಂತ್ರ ತನ್ನ ಪಾಡಿಗೆ ಗುಡಿಸಲು ಹೊರಡುತ್ತೆ. ಎಲ್ಲೋ ಸಿಕ್ಕಿಹಾಕಿಕೊಂಡು ಇಂಗ್ಲಿಷಿನಲ್ಲಿ ಕೂಗುತ್ತೆ. ಅತ್ತೆ ಯಾರೋ ಬಂದರು ಅಂದುಕೊಂಡು 'ಯಾರಮ್ಮಾ?' ಅಂತ ಬಾಗಿಲು ತೆಗೆಯೋಕೆ ಹೋಗೋದು! ನಾವೆಲ್ಲ ನಗಾಡಿದೆವು. ಒಂದು ದಿನ ಹಾಗೇ ಎದ್ದು ಹೋದವರು ಪ್ಯಾಸೇಜಿನಲ್ಲಿ ನಿಂತಿದ್ದ ಯಂತ್ರವನ್ನೇ ಎಡವಿದರು. ಗೋಡೆ ಕೈಗೆ ಸಿಕ್ಕಿತು, ಬೀಳಲಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಂತ್ರ ಕನ್ನಡ ಮಾತಾಡಬೇಕು ಅಂತ ನಾನು ಹಟ ಹಿಡಿದಿದ್ದು ಅಲ್ಲಿಂದ. ಭಾಷಾಭಿಮಾನ ಇಲ್ಲ ಅಂತಲ್ಲ, ಆದರೆ ಕಾರಣ ಅದಲ್ಲ.

ಮೊದಲು ಸುಲಭದ್ದು ಮಾಡಿ

2002ರಲ್ಲಿ ಅಮೆರಿಕದ ಐರೋಬಾಟ್ ಕಂಪನಿ ರೂಂಬಾ ಅನ್ನುವ ಯಂತ್ರ ತಂದಾಗ ಅದಕ್ಕೆ ಮಾತು ಇರಲಿಲ್ಲ, ಬರೀ ಬೀಪ್ ಬೀಪ್ ರಾಗ. ಈಗಿನವು ಮಾತಿನ ಮಲ್ಲಿಯರು. ಹೊರಟರೂ ಹೇಳುತ್ತವೆ, ನಿಂತರೂ ಹೇಳುತ್ತವೆ, ಚಾರ್ಜಿಗೆ ಹೋಗಿ ಕೂತರೂ ಹೇಳುತ್ತವೆ. ಹಾಗಂತ ಯಂತ್ರ ಯೋಚಿಸಿ ಮಾತಾಡುತ್ತೆ ಅಂದುಕೊಳ್ಳಬೇಡಿ. ಒಂದೊಂದು ಸಂದರ್ಭಕ್ಕೂ ಒಂದೊಂದು ಪುಟ್ಟ ಆಡಿಯೋ ಫೈಲನ್ನು ಮೊದಲೇ ಒಳಗೆ ತುಂಬಿಟ್ಟಿರುತ್ತಾರೆ. ಚಕ್ರ ಮೇಲೆದ್ದರೆ ಒಂದು, ಕಸದ ಡಬ್ಬಿ ಹಾಕೋದು ಮರೆತರೆ ಇನ್ನೊಂದು. ನಮ್ಮ ಅಜ್ಜಿ ಮನೆ ಟೇಪ್ ರೆಕಾರ್ಡರಿನ ಹಾಗೇ, ಗುಂಡಿ ಒತ್ತಿದ ಕ್ಯಾಸೆಟ್ ಹಾಡುತ್ತೆ.

ನಿಮ್ಮ ಮೊಬೈಲಿನಲ್ಲಿರುವ ಆ್ಯಪ್ ತೆಗೆದು ಸೆಟ್ಟಿಂಗ್ಸ್‌ಗೆ ಹೋಗಿ. ವಾಯ್ಸ್ ಅಂತಲೋ ಲ್ಯಾಂಗ್ವೇಜ್ ಅಂತಲೋ ಇರುತ್ತೆ. ಅಲ್ಲಿ ಭಾಷೆಗಳ ಪಟ್ಟಿ, ಪಕ್ಕದಲ್ಲಿ ದನಿ ಏರಿಸಿ ಇಳಿಸುವ ಗೆರೆ. ಬೇರೆ ಭಾಷೆ ಆರಿಸಿದರೆ ಅದು ವೈಫೈ ಮೂಲಕ ಯಂತ್ರದೊಳಗೆ ಇಳಿಯಬೇಕು, ಆದ್ದರಿಂದ ಯಂತ್ರವನ್ನು ಚಾರ್ಜಿಗೆ ಕೂರಿಸಿಯೇ ಮಾಡಿ. ನಮ್ಮದರ ಪಟ್ಟಿಯಲ್ಲಿ ಎಷ್ಟೋ ದೇಶದ ಭಾಷೆಗಳಿದ್ದವು, ಕನ್ನಡ ಮಾತ್ರ ಇರಲಿಲ್ಲ. ನಿಮ್ಮದರಲ್ಲಿ ನೋಡಿಕೊಳ್ಳಿ. 'ಡು ನಾಟ್ ಡಿಸ್ಟರ್ಬ್' ಅಂತ ಒಂದು ಸೌಲಭ್ಯವೂ ಇರುತ್ತೆ. ಕೆಲವು ಯಂತ್ರಗಳಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಅಂತ ಕಂಪನಿಯವರೇ ಹಾಕಿಟ್ಟಿರುತ್ತಾರೆ. ಮಗು ಮಲಗುವ ಹೊತ್ತಿಗೆ, ಮಕ್ಕಳ ಪರೀಕ್ಷೆಯ ಹೊತ್ತಿಗೆ ಅದನ್ನು ಬದಲಾಯಿಸಿಕೊಳ್ಳಬಹುದು.

ಇದ್ಯಾವುದೂ ಬೇಡ ಅಂದರೆ ಇನ್ನೂ ಸುಲಭದ ದಾರಿ ಇದೆ. ಯಂತ್ರ ಪದೇ ಪದೇ ಹೇಳುವ ಏಳೆಂಟು ಮಾತನ್ನು ಕನ್ನಡ ಅಕ್ಷರದಲ್ಲೇ ದಪ್ಪವಾಗಿ ಬರೆದು, ಎದುರಿಗೆ ಅರ್ಥ ಬರೆದು ಫ್ರಿಜ್ಜಿಗೆ ಅಂಟಿಸಿ. 'ಡಸ್ಟ್‌ಬಿನ್' ಅಂದರೆ ಡಬ್ಬಿ ನೋಡು, 'ವೀಲ್' ಅಂದರೆ ಎತ್ತಿ ಬಯಲಿನಲ್ಲಿ ಇಡು. ಕಣ್ಣು ಚೆನ್ನಾಗಿರುವವರಿಗೆ ಇದೇ ಸಾಕು. ನಮ್ಮ ಅತ್ತೆಗೆ ಸಾಕಾಗಲಿಲ್ಲ.

ನಮ್ಮ ದನಿ ತುಂಬಿಸಿದ್ದು ಹೀಗೆ

ಬೇಸಿಗೆ ರಜೆಗೆ ಬಂದ ಮೈದುನ ಈ ಕೆಲಸ ವಹಿಸಿಕೊಂಡ. ಕಂಪ್ಯೂಟರ್ ಓದಿದವನು. ವ್ಯಾಲೆಟೂಡೋ ಅನ್ನುವ ಉಚಿತ ಸಾಫ್ಟ್‌ವೇರ್ ಒಂದಿದೆಯಂತೆ. ಅದು ಎಲ್ಲ ಯಂತ್ರಕ್ಕೂ ಆಗೋದಿಲ್ಲ, ಕೆಲವು ಮಾದರಿಗಳಿಗೆ ಮಾತ್ರ. ಅದನ್ನು ಯಂತ್ರದೊಳಗೆ ಹಾಕಿದರೆ ಕಂಪನಿಯ ಆ್ಯಪ್ ಕೆಲಸ ಮಾಡೋದಿಲ್ಲ. ನಿಮ್ಮ ಮನೆಯ ವೈಫೈಯಲ್ಲೇ ಮೊಬೈಲಿನ ಬ್ರೌಸರ್ ತೆಗೆದು ನಡೆಸಬೇಕು. ಅಲ್ಲಿ 'ವಾಯ್ಸ್ ಪ್ಯಾಕ್' ಹಾಕಲು ಒಂದು ಜಾಗ ಇರುತ್ತೆ.

ಇಲ್ಲಿ ನಿಮಗೆ ನಿಜ ಹೇಳಿಬಿಡುತ್ತೇನೆ. ನಮ್ಮ ಮಾದರಿಗೆ ಮೇಲಿನ ಮುಚ್ಚಳ ತೆಗೆದು, ಒಳಗಿನ ಪಿನ್ನುಗಳಿಗೆ ವೈರು ಕೊಟ್ಟು ಕಂಪ್ಯೂಟರಿಗೆ ಜೋಡಿಸಬೇಕಿತ್ತು. ವಾರಂಟಿ ಅಲ್ಲಿಗೆ ಮುಗೀತು ಅಂದುಕೊಳ್ಳಬೇಕು. ನಡುವೆ ಏನಾದರೂ ತಪ್ಪಿದರೆ ಯಂತ್ರ ಸತ್ತೇ ಹೋಗಬಹುದು. ಯಜಮಾನರು ಇಡೀ ಸಂಜೆ ಆ ಕಡೆ ತಲೆ ಹಾಕಲಿಲ್ಲ! ಗೊತ್ತಿರುವ ಕೈ ಇಲ್ಲದಿದ್ದರೆ ಇದಕ್ಕೆ ಹೋಗಲೇಬೇಡಿ. ಕಂಪನಿಯ ಆ್ಯಪ್‌ನಲ್ಲೇ ಸ್ವಂತ ದನಿ ಹಾಕುವ ಸೌಲಭ್ಯ ಇದೆಯೇ ಅಂತ ಮೊದಲು ಅಂಗಡಿಯವರನ್ನು ಕೇಳಿ.

ರೆಕಾರ್ಡಿಂಗ್ ಮಾತ್ರ ನಾವು ನೀವು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಮೊಬೈಲಿನ ರೆಕಾರ್ಡರ್ ಸಾಕು. ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ, ಬಟ್ಟೆಯ ಬೀರು ಇರುವ ಕೋಣೆಗೆ ಹೋಗಿ. ಬಟ್ಟೆ ಇದ್ದ ಕಡೆ ದನಿ ಗುಂಯ್‌ಗುಡೋದಿಲ್ಲ. ಬಾಯಿಂದ ಒಂದು ಗೇಣು ದೂರ ಮೊಬೈಲ್ ಹಿಡಿದು, ಒಂದೊಂದು ಮಾತೂ ಮೂರು ಸೆಕೆಂಡ್ ದಾಟದಂತೆ ಹೇಳಿ. ಆಮೇಲೆ ಆ ಫೈಲುಗಳಿಗೆ ನಂಬರ್ ಕೊಟ್ಟು, ಯಂತ್ರಕ್ಕೆ ಹೊಂದುವ ಓಜಿಜಿ ಅನ್ನುವ ರೂಪಕ್ಕೆ ತಿರುಗಿಸಿ, ಒಂದೇ ಗಂಟು ಕಟ್ಟಿ ಯಂತ್ರಕ್ಕೆ ಕೊಡೋದು ಮೈದುನನ ಪಾಲಿನ ಕೆಲಸ. ಒಂದು ಫೈಲ್ ಬದಲಾಯಿಸೋದು ಹೇಗೆ ಅಂತ ನನ್ನ ಮಗಳಿಗೂ ಹೇಳಿಕೊಟ್ಟ.

ಏನು ಹೇಳಬೇಕು ಅನ್ನೋದಕ್ಕೆ ನಾನು ಎರಡು ದಿನ ತಗೊಂಡೆ. ಇಂಗ್ಲಿಷನ್ನು ಹಾಗೇ ಕನ್ನಡ ಮಾಡಿದರೆ ಪ್ರಯೋಜನವಿಲ್ಲ. 'ಮುಖ್ಯ ಕುಂಚವು ಸಿಕ್ಕಿಕೊಂಡಿದೆ' ಅಂದರೆ ಅತ್ತೆ ದೂರದರ್ಶನದ ವಾರ್ತೆ ಅಂದುಕೊಳ್ಳುತ್ತಾರೆ. 'ಬ್ರಷ್ಷಿಗೆ ಕೂದಲು ಸುತ್ಕೊಂಡಿದೆ, ತೆಗೀಬೇಕು' ಅಂತ ಮಾಡಿದೆ. 'ಕ್ಲಿಫ್ ಸೆನ್ಸರ್' ಅಂತ ಒಂದಿದೆ. ಕೆಳಗೆ ನೆಲ ಇದೆಯೋ ಇಲ್ಲವೋ ಅಂತ ಅತಿಗೆಂಪು ಕಿರಣ ಬಿಟ್ಟು ನೋಡುವ ಪುಟ್ಟ ಕಿಂಡಿಗಳು ಅವು, ಯಂತ್ರ ಮೆಟ್ಟಿಲಿಂದ ಉರುಳದಂತೆ. ತೀರಾ ಕಪ್ಪು ಮ್ಯಾಟ್ ಹಾಸಿದರೂ ಗುಂಡಿ ಅಂದುಕೊಂಡು ನಿಂತುಬಿಡೋದುಂಟು. ಅದಕ್ಕೆ 'ಕೆಳಗಿನ ಕಣ್ಣಿಗೆ ಧೂಳು ಕೂತಿದೆ, ಬಟ್ಟೇಲಿ ಒರೆಸಿ' ಅಂತಾಯ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಹೊರಡುವ ಮೊದಲಿನ ಮಾತು: 'ನಾನು ಗುಡಿಸೋಕೆ ಹೊರಟೆ, ಕಾಲ ಕೆಳಗೆ ನೋಡ್ಕೊಳ್ಳಿ.' ಅತ್ತೆ ಅದನ್ನು ಕೇಳಿದ ತಕ್ಷಣ ಕುರ್ಚಿಯಲ್ಲಿ ಕೂತು ಕಾಲು ಮೇಲೆ ಎತ್ತಿಕೊಳ್ಳುತ್ತಾರೆ. ಅಷ್ಟು ಸಾಕಿತ್ತು ನನಗೆ.

ನಗಬಾರದಿದ್ದ ಒಂದು ತಮಾಷೆ

ಮುಂದಿನದನ್ನು ಬರೆಯಲು ಸಂಕೋಚ. ಆದರೂ ನಿಮ್ಮ ಮನೆಯಲ್ಲೂ ಮಕ್ಕಳಿದ್ದಾರೆ, ಅದಕ್ಕೇ ಹೇಳುತ್ತೇನೆ.

ಯಾರು ಯಾವ ಮಾತು ಹೇಳಬೇಕು ಅಂತ ಮನೆಯಲ್ಲಿ ಪೈಪೋಟಿ. ಎಂಟನೇ ಕ್ಲಾಸಿನ ಮಗಳಿಗೆ ಮಿಮಿಕ್ರಿ ಹುಚ್ಚು. ಗುಡಿಸಿ ಮುಗಿದ ಮೇಲೆ ಬರುವ ಮಾತನ್ನು ಅವಳೇ ಹೇಳಿದಳು, ನಮ್ಮ ಮನೆಗೆಲಸದಾಕೆಯ ದನಿಯಲ್ಲಿ. ಆಕೆ ರಾಯಚೂರು ಕಡೆಯವಳು. 'ಕೆಲ್ಸ ಮುಗೀತ್ರಿ ಅಕ್ಕಾರ, ನಾ ಹೊಂಟೆ!' ಅಂತ ಎಳೆದು, ಕೊನೆಯಲ್ಲಿ ಆಕೆಯ ಹಾಗೇ ಉಸ್ಸಪ್ಪಾ ಅನ್ನುವ ಉಸಿರು ಬೇರೆ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಾನೂ ನಕ್ಕೆ.

ಯಂತ್ರ ಬಂದ ಮೇಲೆ ಆಕೆಗೆ ಗುಡಿಸುವ ಕೆಲಸ ಇರಲಿಲ್ಲ, ಪಾತ್ರೆ ಬಟ್ಟೆ ಅಷ್ಟೆ. ತಿಂಗಳಿಗೆ 500 ರೂಪಾಯಿ ಕಡಿಮೆ ಮಾಡಿದ್ದೆ. ಕೆಲಸ ಕಡಿಮೆಯಾಯಿತಲ್ಲ, ನ್ಯಾಯವೇ ಅಂದುಕೊಂಡಿದ್ದೆ. ಮಾಮೂಲಿಗಿಂತ ಬೇಗ ಬಂದ ದಿನ ಆಕೆ ಪಾತ್ರೆ ತೊಳೆಯುತ್ತಿರುವಾಗಲೇ ಯಂತ್ರ ಹಾಲಿನಲ್ಲಿ ಕೆಲಸ ಮುಗಿಸಿ ಆ ಮಾತು ಹೇಳಿತು. ಆಕೆ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಹಾಲಿಗೆ ಬಂದು ಯಂತ್ರವನ್ನು ನೋಡಿದಳು. ಮೊದಲು ನಕ್ಕಳು. 'ಪಾಪು ಮಾತಾಡಿದ್ದೇನ್ರಿ?' ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ನಾ ಹಂಗ ಮಾತಾಡ್ತೀನೇನ್ರಿ ಅಕ್ಕಾರ?' ಅಂತ ಕೇಳಿದಳು. ಜಗಳದ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ. ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ಹೋಗುವಾಗ ಆಕೆ ದಿನಾ ಹೇಳುವ ಮಾತು ಹೇಳಲಿಲ್ಲ. ಸುಮ್ಮನೆ ಬಾಗಿಲು ಎಳೆದುಕೊಂಡು ಹೋದಳು.

ಸಂಜೆ ಮಗಳನ್ನು ಕೂರಿಸಿಕೊಂಡು ಆ ಫೈಲ್ ತೆಗೆಸಿದೆ. ಮಾರನೆಯ ದಿನ ಅವಳು ಹೋಗಿ ಸಾರಿ ಕೇಳಿದಳು. 'ಇರ್ಲಿ ಬಿಡವ್ವಾ' ಅಂತ ಆಕೆ ತಲೆ ಸವರಿದಳು. ನಾನು ಕೂಡ ಕೇಳಿದೆ, ಮಗಳು ಹೇಳಿದಷ್ಟು ಸುಲಭವಾಗಿ ಬರಲಿಲ್ಲ. 500 ರೂಪಾಯಿ ಮತ್ತೆ ಸೇರಿಸಿದ್ದೇನೆ, ಮೂಲೆ ಹೊಸ್ತಿಲುಗಳನ್ನು ಯಂತ್ರ ಹೇಗೂ ಬಿಟ್ಟುಬಿಡುತ್ತೆ, ಅದನ್ನು ಆಕೆ ಮಾಡುತ್ತಾಳೆ. ದಿನಾ ಹೇಳುವ ಆ ಮಾತು ವಾಪಸ್ ಬರೋಕೆ ಹೆಚ್ಚು ಕಡಿಮೆ ಒಂದು ತಿಂಗಳೇ ಹಿಡಿಯಿತು.

ಮನೆಯವರ ದನಿಯಲ್ಲೂ ಒಂದು ತೊಡಕು

ಆಮೇಲೆ ಎಲ್ಲ ಮಾತನ್ನೂ ನಾನೇ ಹೇಳಿದೆ. ಅಲ್ಲೂ ಎಡವಟ್ಟು! ನಾನು ಮಾರ್ಕೆಟ್ಟಿನಲ್ಲಿ ಇರುವಾಗ ಸೋಫಾ ಕೆಳಗಿಂದ ನನ್ನ ದನಿ ಬಂದರೆ ಅತ್ತೆ ಏನಂದುಕೊಳ್ಳಬೇಕು? 'ಬಂದ್ಯಾ? ಕೊತ್ತಂಬರಿ ಸಿಕ್ತಾ?' ಅಂತ ಕೇಳಿ, ಉತ್ತರ ಬಾರದೆ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಮನೆಯಲ್ಲಿ ವಯಸ್ಸಾದವರಿದ್ದರೆ, ಅದರಲ್ಲೂ ಸ್ವಲ್ಪ ಮರೆವು ಇರುವವರಿದ್ದರೆ, ಇದನ್ನು ದಯವಿಟ್ಟು ಯೋಚಿಸಿ. ಕಡೆಗೆ ನಾವು ಮಾಡಿದ್ದು ಇಷ್ಟು: ಪ್ರತಿ ಮಾತಿನ ಮೊದಲು ಚಮಚದಿಂದ ಸ್ಟೀಲ್ ಲೋಟಕ್ಕೆ ಎರಡು ಸಲ ಟಿಣ್ ಟಿಣ್. ಟಿಣ್ ಅಂದರೆ ಯಂತ್ರ, ಟಿಣ್ ಇಲ್ಲದಿದ್ದರೆ ಸೊಸೆ. ಒಂದೇ ವಾರದಲ್ಲಿ ಅಭ್ಯಾಸವಾಯಿತು.

ಅಂದ ಹಾಗೆ, ಇಂಟರ್‌ನೆಟ್ಟಿನಲ್ಲಿ ಸಿನಿಮಾ ನಟರ ದನಿ, ಕಾರ್ಟೂನ್ ದನಿಯ ಪ್ಯಾಕ್‌ಗಳೂ ಸಿಗುತ್ತವೆ. ಯಾರು ಮಾಡಿದ್ದು ಅಂತ ಗೊತ್ತಿಲ್ಲದ್ದನ್ನು ಮನೆಯೊಳಗಿನ ಯಂತ್ರಕ್ಕೆ ಹಾಕುವ ಮುನ್ನ ಹತ್ತು ಸಲ ಯೋಚಿಸಿ. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಇಕೋವ್ಯಾಕ್ಸ್ ಕಂಪನಿಯ ಡೀಬಾಟ್ ಎಕ್ಸ್2 ಯಂತ್ರಗಳಿಗೆ ಹ್ಯಾಕರ್‌ಗಳು ನುಗ್ಗಿ, ಅದರ ಸ್ಪೀಕರಿನಿಂದಲೇ ಮನೆಯವರನ್ನು ಜನಾಂಗ ಹಿಡಿದು ಬೈದಿದ್ದರು. ಆಸ್ಟ್ರೇಲಿಯಾದ ಎಬಿಸಿ ಸುದ್ದಿಸಂಸ್ಥೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಇದನ್ನು ವರದಿ ಮಾಡಿತು. ಬೇರೆ ಕಡೆ ಕದ್ದ ಪಾಸ್‌ವರ್ಡುಗಳನ್ನೇ ಇಲ್ಲೂ ಹಾಕಿ ನುಗ್ಗಿದ್ದಾರೆ ಅಂತ ಕಂಪನಿ ಹೇಳಿತು. ನಾವು ಮಾಡೋದೂ ಅದನ್ನೇ ಅಲ್ವೇ, ಗ್ಯಾಸ್ ಬುಕಿಂಗಿಗೂ ಸೀರೆ ಅಂಗಡಿಗೂ ಒಂದೇ ಪಾಸ್‌ವರ್ಡ್! ಯಂತ್ರದ ಆ್ಯಪ್‌ಗೆ ಬೇರೆಯದೇ ಇಡಿ. ಕ್ಯಾಮೆರಾ ಇರುವ ಮಾದರಿಯಾದರೆ ಇನ್ನೂ ಎಚ್ಚರ ಬೇಕು.

ಮೂಲ ಇಂಗ್ಲಿಷ್ ಪ್ಯಾಕನ್ನು ಅಳಿಸದೆ ಒಂದು ಪ್ರತಿ ಇಟ್ಟುಕೊಳ್ಳಿ. ವೈಫೈ ಕೈಕೊಟ್ಟಾಗ ಬರುವ ಮಾತುಗಳನ್ನು ನಾವು ಇಂಗ್ಲಿಷಿನಲ್ಲೇ ಬಿಟ್ಟಿದ್ದೇವೆ, ಅದು ಹೇಗೂ ಯಜಮಾನರ ಇಲಾಖೆ.

ಅತ್ತೆ ಈಗ ಹಳೇ ಬಾಚಣಿಗೆ, ಸಣ್ಣ ಕತ್ತರಿ ಕುರ್ಚಿ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಟಿಣ್ ಟಿಣ್ ಅಂದರೆ ಯಂತ್ರ ನಿಂತ ಕಡೆಗೆ ಗೋಡೆ ಹಿಡಿದು ನಿಧಾನವಾಗಿ ಹೋಗಿ, ಸ್ವಿಚ್ ಆರಿಸಿ, ತಿರುಗಿಸಿ ಮಲಗಿಸಿ ಕೂದಲು ತೆಗೆಯುತ್ತಾರೆ. ಮೊನ್ನೆ ಒಂದು ದೂರು ಕೊಟ್ಟರು. 'ಎಲ್ಲದಕ್ಕೂ ಕೊನೆಗೆ ದಯವಿಟ್ಟು ದಯವಿಟ್ಟು ಅಂತ ಯಾಕೆ ಹಾಕಿದ್ದೀಯಾ? ನಿಂಗೆ ನನ್ ಹತ್ರ ಯಾವತ್ತಾದ್ರೂ ಹಾಗೆ ಮಾತಾಡಿ ಅಭ್ಯಾಸ ಇದ್ಯಾ?' ಈ ಭಾನುವಾರ ಕೂತು ಅಷ್ಟೂ ದಯವಿಟ್ಟುಗಳನ್ನು ತೆಗೆಯಬೇಕು.