ಲ್ಯಾಪ್‌ಟಾಪ್ ಕೆಟ್ಟಿತೇ? ನೆಗಡಿಗೆ ಮೂಗು ಕೊಯ್ಯಬೇಡಿ!

ತುಮಕೂರು: ಒಂದು ಕಾಲಕ್ಕೆ ಗಲ್ಲಾಪೆಟ್ಟಿಗೆಯ ಪಕ್ಕ ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ಇರುತ್ತಿತ್ತು. ಕೆಳಗೆ ಬಿದ್ದರೆ ಎತ್ತಿಡುತ್ತಿದ್ದರು, ಟೀ ಚೆಲ್ಲಿದರೆ ಬಿಸಿಲಿಗೆ ಹಾಕುತ್ತಿದ್ದರು. ಈಗ ಆ ಜಾಗದಲ್ಲಿ ಲ್ಯಾಪ್‌ಟಾಪ್ ಕೂತಿದೆ. ಹೊರಪೇಟೆಯ ದಿನಸಿ ಅಂಗಡಿಯಿರಲಿ, ಬಿ.ಎಚ್. ರಸ್ತೆಯ ಔಷಧಿ ಅಂಗಡಿಯಿರಲಿ, ಬಿಲ್ಲು, ಸ್ಟಾಕು, ಸಾಲದ ಬಾಕಿ, ಜಿಎಸ್‌ಟಿ ಎಲ್ಲಾ ಅದರ ಹೊಟ್ಟೆಯಲ್ಲಿ. ಬೆಳಿಗ್ಗೆ ಬೆಂಗಳೂರು ಬಸ್ಸಿಗೆ ಓಡುವವರ ಬೆನ್ನಿನ ಚೀಲದಲ್ಲೂ ಅದೇ.

ಒಂದು ದಿನ ಅದು ಕಣ್ಣು ಬಿಡುವುದಿಲ್ಲ. ಗುಂಡಿ ಒತ್ತಿದರೆ ಕಪ್ಪು ಪರದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಅದೂ ಕೆಡುವುದು ಯಾವಾಗ ಅಂತೀರಿ? ತಿಂಗಳ 19ನೇ ತಾರೀಕು ಸಂಜೆ. ತಿಂಗಳು ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗೆ 20 ಕಡೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ.

ಆಗ ಶುರುವಾಗುತ್ತದೆ ಪಂಚಾಯ್ತಿ. ಪಕ್ಕದಂಗಡಿಯವರು “ಬಿಸಾಕಿ ಸ್ವಾಮಿ, ಹೊಸದು ತಗೊಳ್ಳಿ” ಅನ್ನುತ್ತಾರೆ. ಮನೆಯವರು “ಇನ್ನೊಂದು ವರ್ಷ ಹೇಗೋ ತಳ್ಳಿ” ಅನ್ನುತ್ತಾರೆ. ಮಗ ಆಗಲೇ ಮೊಬೈಲಿನಲ್ಲಿ ಹೊಸ ಮಾಡೆಲ್ ಹುಡುಕುತ್ತಿರುತ್ತಾನೆ. ಎಲ್ಲರೂ ‘ಎಷ್ಟಾಗುತ್ತೆ?’ ಅಂತ ಕೇಳುವವರೇ. ‘ಏನು ಹೋಗಿದೆ?’ ಅಂತ ಕೇಳುವವರು ಒಬ್ಬರೂ ಇಲ್ಲ. ಅಲ್ಲೇ ಇರೋದು ಎಡವಟ್ಟು.

‘ಬೋರ್ಡ್ ಹೋಗಿದೆ ಸಾರ್’

ರಿಪೇರಿ ಅಂಗಡಿಯಲ್ಲಿ ಗಿರಾಕಿ ಹೆದರುವ ಮಾತು ಒಂದೇ: “ಬೋರ್ಡ್ ಹೋಗಿದೆ ಸಾರ್.” ಬೋರ್ಡ್ ಅಂದರೆ ಯಂತ್ರದ ಬೆನ್ನುಮೂಳೆ. ಅದು ಹೋದರೆ ಖರ್ಚು ಜಾಸ್ತಿ, ನಿಜ. ಆದರೆ ಕಪ್ಪು ಪರದೆಗೆಲ್ಲ ಬೋರ್ಡೇ ಕಾರಣ ಅಲ್ಲ. ಅಂಗಡಿಗೆ ಹೊತ್ತುಕೊಂಡು ಹೋಗುವ ಮುಂಚೆ ನೀವೇ ಐದು ನಿಮಿಷದಲ್ಲಿ ಮೂರು ಪರೀಕ್ಷೆ ಮಾಡಬಹುದು.

ಒಂದು: ಅದೇ ಮಾಡೆಲಿಗೆ ಸರಿಹೋಗುವ ಇನ್ನೊಂದು ಚಾರ್ಜರ್ ಹಾಕಿ ನೋಡಿ. ಚಾರ್ಜರ್ ವೈರು ಒಳಗೇ ತುಂಡಾಗಿ ಇಡೀ ಯಂತ್ರ ಸತ್ತಂತೆ ಕಾಣುವುದುಂಟು. ಎರಡು: ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಬಿಟ್ಟು, ಮತ್ತೆ ಹಚ್ಚಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ಮೂರು: ಫ್ಯಾನ್ ತಿರುಗುವ ಸದ್ದು ಇದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು ಎಂದಾದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಮನೆಯ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂತೋ, ಬಹುಮಟ್ಟಿಗೆ ಬೋರ್ಡು ಸರಿಯಾಗಿದೆ ಎಂದೇ ಲೆಕ್ಕ. ಹೋಗಿರುವುದು ಪರದೆ ಅಥವಾ ಅದರ ಕೇಬಲ್. ಆ ಒಂದು ಮಾತು ತಿಳಿದು ಅಂಗಡಿಗೆ ಹೋದರೆ, ನಿಮ್ಮ ಮುಂದೆ ಬೋರ್ಡಿನ ಕಥೆ ಹೇಳುವುದು ಕಷ್ಟ.

ಮೊದಲು ಲೆಕ್ಕ, ಆಮೇಲೆ ಯಂತ್ರ

ರಿಪೇರಿಯೋ ಹೊಸದೋ ಎಂದು ತೀರ್ಮಾನಿಸುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಒಳಗಿನ ಲೆಕ್ಕವನ್ನು ಹೊರಗೆ ತೆಗೆಯುವುದು. ಯಂತ್ರಕ್ಕೆ ಬೆಲೆ ಇದೆ, ಲೆಕ್ಕಕ್ಕೆ ಬೆಲೆ ಕಟ್ಟುವವರಿಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ವ್ಯಾಪಾರದ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕಡೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಆರು ವರ್ಷ! ‘ಲ್ಯಾಪ್‌ಟಾಪ್ ಕೆಟ್ಟುಹೋಯ್ತು ಸ್ವಾಮಿ’ ಎಂಬ ಸಬೂಬಿಗೆ ಅಧಿಕಾರಿಗಳು ಕಿವಿಗೊಡುವುದಿಲ್ಲ.

ಸಮಾಧಾನದ ಸಂಗತಿ ಎಂದರೆ, ಯಂತ್ರ ಸತ್ತರೂ ಡಿಸ್ಕ್ ಬದುಕಿರುವುದೇ ಹೆಚ್ಚು. ಹಳೇ ಯಂತ್ರಗಳಲ್ಲಿ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂರಿಸಿ, ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ಎಲ್ಲವನ್ನೂ ನಕಲು ಮಾಡಿಕೊಳ್ಳಬಹುದು. ಹೊಸ ವಿಂಡೋಸ್ ಯಂತ್ರಗಳಲ್ಲಿ ಒಂದು ತೊಡಕಿದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರಬಹುದು. ಅದನ್ನು ತೆಗೆಯಲು 48 ಅಂಕಿಯ ಕೀಲಿ ಸಂಖ್ಯೆ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ಯಂತ್ರ ಚೆನ್ನಾಗಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ.

ಯಾವುದು ನೆಗಡಿ, ಯಾವುದು ಕ್ಷಯ?

ಬ್ಯಾಟರಿ, ಡಿಸ್ಕ್, ಕೀಬೋರ್ಡ್, ಫ್ಯಾನ್, ಚಾರ್ಜಿಂಗ್ ಪಿನ್, ಪರದೆ, ಹಿಂಜು — ಇವೆಲ್ಲ ಸವೆಯುವ ಸಾಮಾನು. ಸೈಕಲ್ಲಿಗೆ ಟೈರು, ಬ್ರೇಕ್ ರಬ್ಬರು ಇದ್ದ ಹಾಗೆ. ಟೈರು ಸವೆಯಿತು ಅಂತ ಸೈಕಲ್ ಬಿಸಾಕುವವರುಂಟೇ?

ಲಿಥಿಯಂ ಬ್ಯಾಟರಿಯನ್ನೇ ನೋಡಿ. ಸುಮಾರು 300ರಿಂದ 500 ಸಲ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ಅದರ ಶಕ್ತಿ ಇಳಿಯುವುದು ಸಹಜ. ಯಂತ್ರಕ್ಕೆ ಮುಪ್ಪು ಬಂದಿದೆ ಎಂದಲ್ಲ, ಬ್ಯಾಟರಿಗೆ ಬಂದಿದೆ. ಆದರೆ ಒಂದು ಎಚ್ಚರಿಕೆ: ಬೆರಳಾಡಿಸುವ ಪಟ್ಟಿ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿಯಿರಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಬಾಬತ್ತು ಅದು.

‘ತುಂಬಾ ಸ್ಲೋ ಆಗಿದೆ’ ಎಂದು ಯಂತ್ರವನ್ನೇ ಮಾರುವವರಿದ್ದಾರೆ. ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ ನೋಡಿ. ಮುದುಕನಿಗೆ ಪ್ರಾಯ ಬಂದಂತಾಗುತ್ತದೆ. ರ‍್ಯಾಮ್ ಹೆಚ್ಚಿಸುವ ಮಾತಿಗೆ ಮಾತ್ರ ಮಾರುಕಟ್ಟೆ ವಿಚಾರಿಸಿ ಹೋಗಿ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ವಿಪರೀತ ಏರಿತು. ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಮಾಡೆಲಿಗೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲು ಆಗುವುದೇ ಇಲ್ಲ. ಕೊಳ್ಳುವಾಗಲೇ ಇದನ್ನು ಕೇಳಬೇಕು.

ಇನ್ನು ಕ್ಷಯದಂಥ ರೋಗ. ಕಾಫಿ, ನೀರು ಒಳಗೆ ಇಳಿದ ಬೋರ್ಡು ಇವತ್ತು ಸರಿಹೋದರೂ ತುಕ್ಕು ಒಳಗೊಳಗೇ ಹಬ್ಬಿ ಮೂರು ತಿಂಗಳಿಗೆ ಮತ್ತೆ ಮಲಗಬಹುದು. ಒಂದೇ ಬೋರ್ಡಿಗೆ ಎರಡನೇ ಸಲ ಚಿಪ್ ಬದಲಿಸುವ ಮಾತು ಬಂದರೆ ಕೈ ಬಿಡುವುದೇ ಮೇಲು. ಏಳೆಂಟು ವರ್ಷದ ಯಂತ್ರದಲ್ಲಿ ಬೋರ್ಡು, ಪರದೆ, ಬ್ಯಾಟರಿ ಮೂರೂ ಒಟ್ಟಿಗೆ ಕೈಕೊಟ್ಟರೆ ಅದು ಮೂಗಿಗಿಂತ ಮೂಗುತಿ ಭಾರ.

ವರ್ಷದ ಲೆಕ್ಕ ಹಾಕಿ

ವ್ಯಾಪಾರಿಗಳಿಗೆ ಲೆಕ್ಕ ಹೇಳಿಕೊಡಬೇಕೇ? ಆದರೂ ಲ್ಯಾಪ್‌ಟಾಪ್ ವಿಷಯದಲ್ಲಿ ಅವರೇ ಲೆಕ್ಕ ಮರೆಯುತ್ತಾರೆ. ಹೊಸದು 40,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷ ಬಾಳಿದರೆ ವರ್ಷಕ್ಕೆ 8,000 ಬಿತ್ತು. ಹಳೆಯದಕ್ಕೆ 6,000 ಹಾಕಿ ಇನ್ನೆರಡು ವರ್ಷ ಬಾಳಿದರೆ ವರ್ಷಕ್ಕೆ 3,000. ರಿಪೇರಿಯೇ ಗೆದ್ದಿತು. ಅದೇ ಬೋರ್ಡಿಗೆ 14,000 ಹಾಕಿ ಒಂದೇ ವರ್ಷ ಬಾಳಿದರೆ? ವರ್ಷಕ್ಕೆ 14,000! ಆಗ ಹೊಸದೇ ಅಗ್ಗ. ಬೆಲೆಯನ್ನು ಬೆಲೆಯ ಜತೆ ಹೋಲಿಸಬೇಡಿ, ಬಾಳಿಕೆಯಿಂದ ಭಾಗಿಸಿ ಹೋಲಿಸಿ.

ಲೆಕ್ಕಕ್ಕೆ ಇನ್ನೊಂದು ಬಾಬ್ತು ಸೇರಿಸಿ: ಅಂಗಡಿ ನಿಂತ ದಿನಗಳು. ರಿಪೇರಿಯವರು ‘ಪಾರ್ಟ್ ಬರಬೇಕು ಸಾರ್, ವಾರ ಆಗುತ್ತೆ’ ಅಂದರೆ ಆ ವಾರದ ನಷ್ಟವೂ ಖರ್ಚೇ. ಲ್ಯಾಪ್‌ಟಾಪಿಗೂ ರಿಪೇರಿಗೂ ಶೇ. 18 ಜಿಎಸ್‌ಟಿ ಇದೆ. ವ್ಯಾಪಾರಕ್ಕೆಂದೇ ಬಳಸುವ ನೋಂದಾಯಿತ ವ್ಯಾಪಾರಿ ಸರಿಯಾದ ಬಿಲ್ ಪಡೆದರೆ ಆ ತೆರಿಗೆ ವಾಪಸ್ ಹಿಡಿದುಕೊಳ್ಳಬಹುದು. ಕಾಂಪೊಸಿಷನ್‌ನಲ್ಲಿ ಇರುವವರಿಗೆ ಆ ಭಾಗ್ಯವಿಲ್ಲ.

ವಿಂಡೋಸ್ 10ರ ಗುಮ್ಮ

‘ನಿಮ್ಮದು ವಿಂಡೋಸ್ 10 ಸಾರ್, ಇನ್ನು ನಡೆಯಲ್ಲ’ ಎಂದು ಹೆದರಿಸಿ ಹೊಸದು ಮಾರುವವರಿದ್ದಾರೆ. ಅರ್ಧ ಸತ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ದುರಸ್ತಿ ಕೊಡುವುದಾಗಿ ಕಂಪನಿ ಹೇಳಿತು. ಯಂತ್ರವೇನೋ ಓಡುತ್ತದೆ. ಆದರೆ ದುರಸ್ತಿ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕು. ಇದು ನಿಮ್ಮ ಯಂತ್ರದಲ್ಲಿದ್ದರೆ ಹೆದರಿಕೆಯೇ ಇಲ್ಲ. ಇಲ್ಲದಿದ್ದರೆ? ಕಾಲೇಜು ಹುಡುಗರಿಗೆ ಟೈಪಿಂಗ್, ಪಾಠ, ಇಂಟರ್‌ನೆಟ್ ಇಷ್ಟೇ ಕೆಲಸವಾದರೆ ಉಬುಂಟು, ಲಿನಕ್ಸ್ ಮಿಂಟ್‌ನಂಥವನ್ನು ಪುಕ್ಕಟೆ ಹಾಕಿಕೊಂಡು ಇನ್ನೂ ಕೆಲವು ವರ್ಷ ಓಡಿಸಬಹುದು. ಟ್ಯಾಲಿಯನ್ನೇ ನಂಬಿದ ಅಂಗಡಿಯವರಿಗೆ ಆ ದಾರಿ ಸುಲಭವಲ್ಲ, ಟ್ಯಾಲಿಗೆ ವಿಂಡೋಸ್ ಬೇಕು. ಅಂಥ ಹಳೇ ಯಂತ್ರಕ್ಕೆ ದೊಡ್ಡ ಮೊತ್ತ ಸುರಿಯುವುದು ಜಾಣತನವಲ್ಲ.

ಎಸ್.ಪಿ. ರೋಡಿನ ಬಸ್ಸು

‘ಬೆಂಗಳೂರಲ್ಲಿ ಅರ್ಧ ರೇಟಿಗೆ ಆಗುತ್ತೆ’ ಎಂಬುದು ಬಸ್ ಸ್ಟ್ಯಾಂಡಿನ ಪಂಡಿತರ ಮಾತು. ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ, ಒಪ್ಪೋಣ. ದಿನಾ ಆ ಕಡೆ ಹೋಗಿಬರುವವರಿಗೆ ಸರಿಯೇ. ಆದರೆ ಇಲ್ಲಿಂದ 70 ಕಿಲೋಮೀಟರ್ ಹೋಗಿ, ಮೆಜೆಸ್ಟಿಕ್‌ನಲ್ಲಿಳಿದು, ಟೌನ್‌ಹಾಲ್ ಕಡೆಗೆ ಇನ್ನೊಂದು ಬಸ್ ಹಿಡಿದು, ಒಂದು ವಾರಕ್ಕೆ ಮತ್ತೆ ಕೆಟ್ಟರೆ ಪುನಃ ಅದೇ ಯಾತ್ರೆ. ಊರಿನ ರಿಪೇರಿಯವನು ನೂರಿನ್ನೂರು ಹೆಚ್ಚು ತಗೊಂಡರೂ ನಾಳೆ ಬೆಳಿಗ್ಗೆ ಕೈಗೆ ಸಿಗುತ್ತಾನೆ.

ಎಲ್ಲಿಯೇ ಆಗಲಿ, ಬ್ಯಾಟರಿ ಕೊಳ್ಳುವಾಗ ಅದು ತಯಾರಾದ ತಾರೀಕು ನೋಡಿ, ಎಷ್ಟು ತಿಂಗಳ ಗ್ಯಾರಂಟಿ ಎಂದು ಬಿಲ್ಲಿನಲ್ಲೇ ಬರೆಸಿ. ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೆಲವೊಮ್ಮೆ ಒಳ್ಳೇ ನಡುದಾರಿ. ಆದರೆ ಪ್ರೊಸೆಸರ್ ಯಾವ ತಲೆಮಾರಿನದು ಎಂದು ಕೇಳದೆ ಕೊಂಡರೆ ಅಗ್ಗ ಅಂತ ಮುಗ್ಗಿದ ಜೋಳ ತಂದ ಹಾಗೆ.

ಚೀಟಿ ಕೇಳಿ, ನಾಚಿಕೆ ಬೇಡ

ಯಂತ್ರ ಕೊಡುವಾಗ ಒಂದು ಚೀಟಿ ಬರೆಸಿಕೊಳ್ಳಿ. ಮಾಡೆಲ್, ಸೀರಿಯಲ್ ನಂಬರ್, ಒಳಗಿರುವ ರ‍್ಯಾಮ್ ಮತ್ತು ಡಿಸ್ಕ್ ಎಷ್ಟು, ತಪಾಸಣೆಗೆ ಎಷ್ಟು, ಅಂದಾಜು ಎಷ್ಟು. ಬದಲಿಸಿದ ಹಳೇ ಭಾಗ ವಾಪಸ್ ಕೇಳಿ. ಪಾಸ್‌ವರ್ಡ್ ಕೇಳಿದರೆ ಕೂಡಲೇ ಹೇಳಬೇಡಿ. ಪರದೆ, ಬ್ಯಾಟರಿ ಬದಲಿಸಲು ಅದು ಬೇಕಾಗಿಲ್ಲ.

ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ರಿಪೇರಿಯಲ್ಲಿ ಲೋಪವಾದರೆ ಅದು ಸೇವಾ ನ್ಯೂನತೆ. ‘ನಾನು ಅಂಗಡಿಯವನು, ಗ್ರಾಹಕ ಆಗ್ತೀನಾ?’ ಎಂದು ಅನುಮಾನ ಬೇಡ. ಹೊಟ್ಟೆಪಾಡಿನ ಸ್ವಂತ ದುಡಿಮೆಗೆಂದೇ ಕೊಂಡು ಬಳಸುವವರನ್ನೂ ಕಾನೂನು ಗ್ರಾಹಕರೆಂದೇ ಒಪ್ಪುತ್ತದೆ. ಮೋಸ ಬೆಂಗಳೂರಿನಲ್ಲಿ ಆಗಿದ್ದರೂ ದೂರನ್ನು ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇದು ಬರೀ ಗಿರಾಕಿಯ ಗೋಳಲ್ಲ, ರಿಪೇರಿಯವರ ಗೋಳೂ ಇದೆ. ಬಿಡಿಭಾಗ, ನಕ್ಷೆ ಕೊಡದೆ ಕಂಪನಿಗಳು ಸತಾಯಿಸಿದರೆ ಕೈಚಳಕ ಇದ್ದೂ ಅವರು ಏನು ಮಾಡಿಯಾರು? ‘ರಿಪೇರಿಯ ಹಕ್ಕು’ ಎಂಬ ಮಾತಿಗೆ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. ಆ ಹಕ್ಕು ನಮ್ಮ ಊರಿನ ಸಣ್ಣ ಅಂಗಡಿಯ ಮೇಜಿನ ತನಕ ಬಂದರೆ ಮಾತ್ರ ಸಾರ್ಥಕ.

ಗುಜರಿಗೆ ಹಾಕುವ ಮುನ್ನ

ಕೊನೆಗೆ ಹೊಸದೇ ಕೊಂಡಿರಿ ಎನ್ನೋಣ. ಹಳೆಯದನ್ನು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಒಳಗೆ ನಿಮ್ಮ ಗಿರಾಕಿಗಳ ಲೆಕ್ಕ, ಆಧಾರ್ ಪ್ರತಿ, ಬ್ಯಾಂಕ್ ಕಾಗದ ಎಲ್ಲಾ ಇದೆ. ಡಿಸ್ಕ್ ತೆಗೆದಿಟ್ಟುಕೊಳ್ಳಿ. ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದಿ, ವೈರು ಸುಟ್ಟು ಲೋಹ ತೆಗೆಯುವವರ ಕೈಗೆ ಹೋದರೆ ವಿಷ ನೀರಿಗೂ ಗಾಳಿಗೂ ಸೇರುತ್ತದೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಬಿತ್ತು, ಕ್ರಮವಾಗಿ ಸಂಗ್ರಹಿಸಿ ಮರುಬಳಕೆಯಾಗಿದ್ದು ಶೇ. 22.3 ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ಕಸ ನಿಯಮಗಳ ಪ್ರಕಾರ ಹಳೇ ಯಂತ್ರ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು, ಅದರ ಹೊಣೆ ತಯಾರಕರ ಮೇಲಿದೆ.

ರಿಪೇರಿ ಅಂಗಡಿಗಳ ಮುಂದೆ ತಪಾಸಣೆಯ ದರ ಬರೆದ ಒಂದು ಬೋರ್ಡ್ ತೂಗಲಿ. ಇ-ಕಸವನ್ನು ಎಲ್ಲಿ, ಯಾರಿಗೆ, ಯಾವ ದಿನ ಕೊಡಬೇಕು ಎಂದು ಮಹಾನಗರ ಪಾಲಿಕೆ ವಾರ್ಡು ವಾರ್ಡಿಗೂ ತಿಳಿಯುವಂತೆ ಸಾರಲಿ. ಇಷ್ಟಾದರೆ ಎಷ್ಟೋ ಯಂತ್ರಗಳೂ, ಎಷ್ಟೋ ಜನರ ಜೇಬೂ ಉಳಿಯುತ್ತವೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?