ಬಲವೂ ಬೇಗೆಯೂ

ವಿಶ್ವೇಶ್ವರಪುರದ ನಮ್ಮ ಬೀದಿಯ ತರುಣನೊಬ್ಬ, ತಾತನಿಂದ ಬಂದ ಎರಡು ಆಸನಗಳ ಹಳೆಯ ಸ್ಪೋರ್ಟ್ಸ್ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಲು ಹೊರಟಿದ್ದಾನೆ. “ಮೇಷ್ಟ್ರೇ, ಗಾಳಿಯ ಒತ್ತಡ ಒಂದೂವರೆ ಪಟ್ಟಾದರೆ ಬಲವೂ ಒಂದೂವರೆ ಪಟ್ಟಾಗಬೇಕಲ್ಲವೆ?” ಎಂದು ಕೇಳಿದ. ಕನ್ನಡ ಪಾಠ ಹೇಳಿದವನಿಗೆ ಯಂತ್ರದ ಗೊಡವೆಯೇಕೆಂದು ನೀವು ನಗಬಹುದು. ನನ್ನ ತಂದೆ ವಿಮಾನ ಕಾರ್ಖಾನೆಯಲ್ಲಿ ದುಡಿದವರು. ನಮ್ಮ ಮನೆಯಲ್ಲಿ ಊಟದ ಹೊತ್ತಿನ ಪುರಾಣವೆಲ್ಲ ಎಂಜಿನ್ನಿನದೇ.

ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಅಮೆರಿಕದ ವಾಯುಪಡೆಯ 84ನೆಯ ಡಿಪೋ ಆಗಿತ್ತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದ ಕ್ಯಾಟಲೀನಾ ವಿಮಾನಗಳು ಅಲ್ಲಿ ದುರಸ್ತಿಯಾಗುತ್ತಿದ್ದವು. ಅವುಗಳ 1200 ಅಶ್ವಶಕ್ತಿಯ ಎಂಜಿನ್ನುಗಳಲ್ಲಿ ಸೂಪರ್‌ಚಾರ್ಜರ್ ಇತ್ತು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಆ ಕೊರತೆಯನ್ನು ತುಂಬುವುದೇ ಅದರ ಕೆಲಸ. ಸುಮಾರು 3000 ಅಡಿ ಎತ್ತರದ ನಮ್ಮ ಊರಿನಲ್ಲಿಯೂ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇಕಡಾ 10ರಷ್ಟು ಕಡಿಮೆ.

ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿದವರಿಗೆ ಇದನ್ನು ಹೇಳಬೇಕಿಲ್ಲ. 30 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ, ಸಾಧಾರಣ ಯಂತ್ರದಿಂದ ಅದು ಹೊರಬರುವಾಗ ಸುಮಾರು 90 ಡಿಗ್ರಿ. ಕಾದ ಗಾಳಿ ಹಿಗ್ಗುವುದರಿಂದ ಸಿಲಿಂಡರಿಗೆ ಹೆಚ್ಚಾಗಿ ದೊರೆಯುವ ಗಾಳಿಯ ತೂಕ ಶೇಕಡಾ 50 ಅಲ್ಲ, 25ರ ಆಸುಪಾಸು. ಸೂಪರ್‌ಚಾರ್ಜರನ್ನು ತಿರುಗಿಸುವ ಬಲವೂ ಅದೇ ಎಂಜಿನ್ನಿನಿಂದಲೇ ಬರಬೇಕು. ಹುಡುಗ ಇಷ್ಟಕ್ಕೇ ಪೆಚ್ಚಾದ.

ನಷ್ಟ ಇಲ್ಲಿಗೆ ಮುಗಿದರೆ ಪುಣ್ಯ. ಕಾದ ಮಿಶ್ರಣವು ಕಿಡಿಯಿಂದ ಹೊತ್ತಿದ ಜ್ವಾಲೆ ತನ್ನೆಡೆಗೆ ಬರುವವರೆಗೆ ಕಾಯದೆ ತಾನೇ ಸಿಡಿಯುತ್ತದೆ. ಎಂಜಿನ್ ಕಟಕಟನೆ ಬಡಿದುಕೊಳ್ಳುವುದು ಆಗಲೇ. ಈ ಬಡಿತ ನಿಲ್ಲದಿದ್ದರೆ ಪಿಸ್ಟನ್ನಿನ ನೆತ್ತಿ ತೂತಾಗಬಹುದು. ಕಿಡಿಯನ್ನು ತಡಮಾಡಬಹುದು, ಆದರೆ ಬಲ ತಗ್ಗಿ ಹೊಗೆಕೊಳವೆ ಕಾಯುತ್ತದೆ. ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಬಹುದು, ಅದು ದುಬಾರಿ. ಒತ್ತಿದ ಗಾಳಿಯನ್ನು ಇಂಟರ್‌ಕೂಲರಿನಲ್ಲಿ 50 ಡಿಗ್ರಿಗೆ ಇಳಿಸಿದರೆ ಮಾತ್ರ ಲಾಭ ಶೇಕಡಾ 40ರ ಹತ್ತಿರ ಹೋಗುತ್ತದೆ. ಅದಕ್ಕೂ ಬೀಸುವ ಗಾಳಿ ಬೇಕು. ಸಂಜೆ ಸಜ್ಜನರಾವ್ ವೃತ್ತದ ವಾಹನಸಂದಣಿಯಲ್ಲಿ ನಿಂತ ಕಾರಿಗೆ ಅದೆಲ್ಲಿಂದ ಬರಬೇಕು?

ಈ ಜಗಳ ಹೊಸದಲ್ಲ. ಇಂಗ್ಲೆಂಡಿನ ಬೆಂಟ್ಲಿ ಕಾರಿಗೆ ಬರ್ಕಿನ್ ಎಂಬ ಸ್ಪರ್ಧಿ ಸೂಪರ್‌ಚಾರ್ಜರ್ ಹಾಕಿಸಿದಾಗ, ಕಾರಿನ ಜನಕ ಬೆಂಟ್ಲಿಗೇ ಅದು ಸರಿಬೀಳಲಿಲ್ಲ. 110 ಅಶ್ವಶಕ್ತಿಯ ಎಂಜಿನ್ ಪಂದ್ಯದ ರೂಪದಲ್ಲಿ 240 ಮುಟ್ಟಿತೇನೋ ನಿಜ. ಆದರೆ 1930ರ ಲ ಮಾನ್ಸ್‌ನ 24 ಗಂಟೆಗಳ ಪಂದ್ಯವನ್ನು ಆ ಕಾರುಗಳು ಮುಗಿಸಲಿಲ್ಲ. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ, ಹಿರಿದಾದ ಎಂಜಿನ್ನಿನ ಇನ್ನೊಂದು ಬೆಂಟ್ಲಿ. ಆದರೂ ಬರ್ಕಿನ್ನನನ್ನು ಮೂರ್ಖನೆನ್ನಲು ನನಗೆ ಮನಸ್ಸಿಲ್ಲ. ಅದೇ ವರ್ಷ ಫ್ರೆಂಚ್ ಗ್ರ್ಯಾಂಡ್ ಪ್ರಿಯಲ್ಲಿ ಅಂಥದೇ ಕಾರಿನಲ್ಲಿ ಅವನು ಎರಡನೆಯವನಾಗಿ ಬಂದ.

ತಾತನ ಎಂಜಿನ್ ಒಡೆದರೆ ಅಂಥದು ಇನ್ನೊಂದು ಸಿಗುವುದಿಲ್ಲವೆಂದು ಹುಡುಗನಿಗೆ ಹೇಳಿದೆ. ಒತ್ತಡವನ್ನು ಕಾಲುಭಾಗಕ್ಕಷ್ಟೇ ಏರಿಸು, ಸಿಲಿಂಡರ್ ಸೇರುವ ಗಾಳಿಗೊಂದು ಉಷ್ಣಮಾಪಕ ಇಡು ಎಂದೆ. ಮೊನ್ನೆ ನೋಡಿದರೆ, ಇಂಟರ್‌ಕೂಲರಿಗೆ ಜಾಗ ಹುಡುಕುತ್ತ, ಟೇಪು ಹಿಡಿದು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ.