ಬಲೆಯ ಚೂರಿಗೂ ಒಂದು ಬಾಳು

ಭಟ್ಕಳದ ಕಡಲತಡಿಯಲ್ಲಿ ತೆಂಗಿನಗುಂಡಿಯೆಂಬ ಮೀನುಗಾರರ ಊರಿದೆ. ಸಾಲುಗೊಂಡ ದೋಣಿಗಳು, ಹರವಿದ ಬಲೆಗಳು, ಹಿಂದೆ ತೆಂಗಿನ ತೋಪು: ಚಿತ್ರಗಾರನ ಕಣ್ಣಿಗೆ ಹಬ್ಬವೇ ಸರಿ. ಆದರೆ ನಮ್ಮ ಕರಾವಳಿಯ ಉದ್ದಕ್ಕೂ ಆಗುವಂತೆ, ಮಳೆಗಾಲದ ತೆರೆಗಳು ಪ್ಲಾಸ್ಟಿಕ್ ಬಾಟಲಿ, ಚೀಲ, ಹರಿದ ಬಲೆಯ ತುಂಡುಗಳನ್ನು ದಂಡೆಗೆ ತಂದೊಗೆಯುತ್ತವೆ.

ಹಿಂದಿನವರ ಬಲೆಗಳು ಸೆಣಬು, ಹತ್ತಿಯ ನೂಲಿನವು. ನೀರುಪಾಲಾದರೆ ಕೊಳೆತು ಹೋಗುತ್ತಿದ್ದವು. 1935ರಲ್ಲಿ ಅಮೆರಿಕದಲ್ಲಿ ನೈಲಾನು ಹುಟ್ಟಿತು. ಅದರ ಬಲೆ ಹಗುರ, ಗಟ್ಟಿ. ಮೀನುಗಾರನ ಶ್ರಮವನ್ನು ಎಷ್ಟೋ ತಗ್ಗಿಸಿತು. ಕೊಳೆಯದಿರುವುದೇ ಅದರ ಗುಣ. ಅದೇ ಅದರ ದೋಷವೂ ಹೌದು. ಕಡಲಲ್ಲಿ ಕಳೆದುಹೋದ ಬಲೆ ಒಡೆಯನಿಲ್ಲದೆಯೂ ಮೀನು ಹಿಡಿಯುತ್ತಲೇ ಇರುತ್ತದೆ. ಹಿಡಿದದ್ದು ಯಾರ ಊಟಕ್ಕೂ ಒದಗದು. ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವಂಥ ಕಡಲಾಮೆಗಳಿಗೂ ಅದು ಉರುಳು. ಇಂಥದಕ್ಕೆ ‘ಭೂತಬಲೆ’ಯೆಂಬ ಹೆಸರು ಬಂದಿರುವುದು ಯಥಾರ್ಥವಾಗಿದೆ.

ಈ ಭೂತವನ್ನು ಕಲೆಯಾಗಿ ಪಳಗಿಸಿದವರು ಆಸ್ಟ್ರೇಲಿಯಾ, ನ್ಯೂಗಿನಿಗಳ ನಡುವಣ ಟಾರೆಸ್ ಜಲಸಂಧಿಯ ಏರುಬ್ ದ್ವೀಪದ ಜನ. ದಂಡೆಗೆ ಬಿದ್ದ ಬಲೆಗಳನ್ನು ಬಿಡಿಸಿ, ತಂತಿಯ ಚೌಕಟ್ಟಿಗೆ ಹೊಲಿದು, ಆಮೆ, ಶಾರ್ಕುಗಳನ್ನು ನಿರ್ಮಿಸುತ್ತಾರೆ. ಅವು ದೇಶವಿದೇಶಗಳ ವಸ್ತುಸಂಗ್ರಹಾಲಯಗಳನ್ನು ಕಂಡಿವೆ. ಕೊಂದ ಬಲೆಯೇ ಸತ್ತ ಪ್ರಾಣಿಯ ರೂಪ ತಳೆದು ಎದುರು ನಿಂತಾಗ ಬೇರೆ ಉಪದೇಶವೇಕೆ?

ನಮ್ಮ ದೇಶದಲ್ಲಿಯೂ ಇಂಥವರಿಲ್ಲದಿಲ್ಲ. ಚಂಡೀಗಢದ ರಸ್ತೆ ಮೇಲ್ವಿಚಾರಕ ನೇಕ್ ಚಂದರು ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ಶಿಲೋದ್ಯಾನ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಅಷ್ಟು ದೂರವಾದರೂ ಏಕೆ? ಉತ್ತರ ಕನ್ನಡದ್ದೇ ಆದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಣುಕುಗಳಿಂದ ಕೌದಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ಮೂಲೆಗಳಿಗೆ ಬಟ್ಟೆ ಮಡಿಸಿ ‘ಫೂಲ’ ಇಡದಿದ್ದರೆ ಕೌದಿ ಬತ್ತಲೆಯೆಂದೇ ಅವರ ಭಾವನೆ. ಬಡತನದ ಮಿತವ್ಯಯವೂ ಹೂ ಮುಡಿಯದೆ ಹೊರಬರದು!

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆ ನೇಯಬಲ್ಲ ಕೈಗಳಿಗೆ ಆಗ ಬಿಡುವು. ಆ ಕೈಗಳೂ ಶಾಲೆಯ ಮಕ್ಕಳೂ ಕೂಡಿದರೆ ತೆಂಗಿನಗುಂಡಿಯಲ್ಲಿಯೂ ಒಂದು ಬಲೆಯ ಆಮೆ ತಲೆಯೆತ್ತಬಹುದು.

ಆದರೆ ಕಲೆಯಿಂದಲೇ ಕಡಲು ತೊಳೆದುಹೋಗದು. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಆಜ್ಞೆ ಊರ್ಜಿತವಾಗಬೇಕಾದುದು ಮನೆಗಳಲ್ಲಿ. ಪೇಟೆಯ ಚರಂಡಿ ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಕಡಲಿಗೆ. ತರಕಾರಿಗೆ ಹೊರಟ ಗೃಹಿಣಿಯ ಕೈಯ ಬಟ್ಟೆಯ ಚೀಲವೂ ಆಮೆಗೆ ಅಭಯಹಸ್ತವೇ.